ಹೆದ್ದಾರಿಯಲ್ಲಿ ಕೆಟ್ಟು ನಿಂತ ಕಾರು, ಟೋಯಿಂಗ್‌ನವರ ಬಿಲ್ಲು: ಹಾಸನದಿಂದ ಕ್ಯಾಲಿಫೋರ್ನಿಯಾಕ್ಕೆ ಹೊರಟವರಿಗೆ

ಪ್ರತಿ ವರ್ಷ ಒಂದು ತಿಂಗಳ ರಜೆಗೆಂದು ಹಾಸನಕ್ಕೆ ಬಂದಾಗ, ಕ್ಯಾಲಿಫೋರ್ನಿಯಾಕ್ಕೆ ಹೊರಟು ನಿಂತ ಮಕ್ಕಳನ್ನು ಕರೆದುಕೊಂಡು ಯಾರಾದರೊಬ್ಬರು ತಂದೆತಾಯಿ ವಿದ್ಯಾನಗರದ ನಮ್ಮ ಮನೆಗೆ ಬರುತ್ತಾರೆ. ಅವರ ಪ್ರಶ್ನೆಗಳೆಲ್ಲ ಬಾಡಿಗೆ ಮನೆ, ಕುಕ್ಕರು, ಸಾರಿನ ಪುಡಿಗಳ ಸುತ್ತಲೇ ಇರುತ್ತವೆ. ಅಲ್ಲಿಗೆ ಹೋದ ಎರಡು ಮೂರು ತಿಂಗಳಲ್ಲೇ ಕೊಳ್ಳುವ ಹಳೆಯ ಕಾರು ಹೆದ್ದಾರಿಯಲ್ಲಿ ಕೆಟ್ಟು ನಿಂತರೆ ಏನು ಮಾಡಬೇಕೆಂದು ಈವರೆಗೆ ಯಾರೂ ಕೇಳಿಲ್ಲ. ಆದರೆ ಅಲ್ಲಿ ನೆಲೆಸಿರುವ ನನಗೆ ರಾತ್ರಿ ಹೊತ್ತು ಬರುವ ಹೊಸಬರ ಕರೆಗಳಲ್ಲಿ ಸಾರಿನ ಪುಡಿಯ ಮಾತು ಇರುವುದಿಲ್ಲ. ಕೆಟ್ಟ ಕಾರನ್ನು ಟ್ರಕ್ಕಿಗೆ ಕಟ್ಟಿ ಎಳೆದೊಯ್ಯುವ ಟೋಯಿಂಗ್‌ನವರ ಜೊತೆಗಿನ ಜಗಳ ಇರುತ್ತದೆ.

ಈ ಜಗಳಗಳಲ್ಲಿ ನಮ್ಮವರು ಸೋಲುವುದಕ್ಕೆ ಊರಿನ ರೂಢಿಯೂ ಒಂದು ಕಾರಣ. ಶಿರಾಡಿ ಘಾಟಿಯಲ್ಲಿ ಮಾರನಹಳ್ಳಿ ದಾಟಿದ ಮೇಲೆ ಕಾರು ನಿಂತರೆ ಯಾರೋ ಲಾರಿಯವರು ಇಳಿದು ಬಂದು ಚಕ್ರಕ್ಕೆ ಕಲ್ಲು ಕೊಡುತ್ತಾರೆ, ಹಿಂದೆ ಸ್ವಲ್ಪ ದೂರದಲ್ಲಿ ಸೊಪ್ಪಿನ ಕೊಂಬೆ ಮುರಿದು ರಸ್ತೆಗೆ ಹಾಕುತ್ತಾರೆ, ಸಕಲೇಶಪುರದಿಂದ ಮೆಕ್ಯಾನಿಕ್ ಜೀಪು ತಂದು ಹಗ್ಗ ಕಟ್ಟಿ ಎಳೆದುಕೊಂಡು ಹೋಗುತ್ತಾನೆ. ಹಣದ ಮಾತು ಬರುವುದು ಶೆಡ್ಡು ತಲುಪಿ ಕಾಫಿ ಕುಡಿದ ಮೇಲೆ, ಆಗಲೂ ಆತ ಹೇಳುವುದು ‘ನೋಡ್ಕೊಂಡು ಕೊಡಿ ಸಾರ್’ ಎಂದೇ. ಕ್ಯಾಲಿಫೋರ್ನಿಯಾದಲ್ಲಿ ಈ ಕ್ರಮ ತಲೆಕೆಳಗಾಗಿದೆ. ಕಾರಿಗೆ ಕೊಕ್ಕೆ ಬೀಳುವ ಮೊದಲು ಕೈಗೆ ಬಂದ ಕಾಗದಕ್ಕೆ ಇರುವ ಬಲ, ಕೊಕ್ಕೆ ಬಿದ್ದ ಮೇಲೆ ಮಾಡುವ ಯಾವ ವಾದಕ್ಕೂ ಇಲ್ಲ.

ಇದನ್ನು ನಾನು ಕೈಸುಟ್ಟುಕೊಂಡು ಕಲಿತೆ. 2017ರ ಒಂದು ಭಾನುವಾರ ಲಾಸ್ ಏಂಜಲೀಸ್‌ನಿಂದ ಉತ್ತರಕ್ಕೆ ಐ-5 ಹೆದ್ದಾರಿಯಲ್ಲಿ ಬರುತ್ತಿದ್ದಾಗ ನನ್ನ ಹಳೆಯ ಹೋಂಡಾದ ಟೈಮಿಂಗ್ ಬೆಲ್ಟ್ ಕಡಿದು ಹೋಯಿತು. ನಾನು ಯಾರಿಗೂ ಕರೆ ಮಾಡುವ ಮೊದಲೇ ಒಂದು ಟೋ ಟ್ರಕ್ ಬಂದು ನಿಂತಿತು. ದೇವರೇ ಕಳಿಸಿದ ಎಂದುಕೊಂಡೆ. ದರ ಎಷ್ಟೆಂದು ಕೇಳಿದ್ದಕ್ಕೆ ಚಾಲಕ, ಎಳೆದ ಕಾರುಗಳನ್ನು ಇಡುವ ತಮ್ಮ ‘ಯಾರ್ಡಿನಲ್ಲಿ ನೋಡೋಣ’ ಎಂದ. ಹಾಸನದ ಕಿವಿಗೆ ಅದು ಸೌಜನ್ಯದಂತೆ ಕೇಳಿಸಿತು. ಅಂಕಿಗಳೇ ಇಲ್ಲದ ಹಾಳೆಗೆ ಸಹಿ ಹಾಕಿದೆ. ಸೋಮವಾರ ಮಧ್ಯಾಹ್ನ ಯಾರ್ಡಿಗೆ ಹೋದಾಗ ಎಳೆದ ಶುಲ್ಕ, ಟ್ರಕ್ಕು ಹೊರಟ ಜಾಗದಿಂದ ಮರಳುವವರೆಗಿನ ಮೈಲಿಗಳ ಶುಲ್ಕ, ಕಾರನ್ನು ಅಲ್ಲಿ ಇಟ್ಟುಕೊಂಡಿದ್ದಕ್ಕೆ ಎರಡು ದಿನದ ಸ್ಟೋರೇಜ್ ಶುಲ್ಕ, ಅದರ ಮೇಲೆ ಕೆಲಸದ ಹೊತ್ತಿನ ಹೊರಗೆ ಕಾರು ಬಿಡುವುದಕ್ಕೆ ಹಾಕುವ ‘ಗೇಟ್ ಫೀ’ ಎಂಬ ಇನ್ನೊಂದು ಸಾಲು ಬಿಲ್ಲಿನಲ್ಲಿದ್ದವು. ಸಿಟ್ಟಿನಿಂದ ಕಾರನ್ನು ಅಲ್ಲಿಯೇ ಬಿಟ್ಟು ಮನೆಗೆ ಬಂದು, ಮತ್ತೆ ಎರಡು ದಿನ ಫೋನಿನಲ್ಲಿ ವಾದ ಮಾಡಿದೆ. ಆ ಎರಡು ದಿನಗಳ ಸ್ಟೋರೇಜನ್ನೂ ನಾನೇ ಕಟ್ಟಿದೆ.

ಅಂದು ನನಗೆ ಗೊತ್ತಿಲ್ಲದೆ ಇದ್ದದ್ದು ಇಷ್ಟು. ಅಲ್ಲಿನ ವಾಹನ ಸಂಹಿತೆಯ 22513ನೆಯ ಕಲಮಿನ ಪ್ರಕಾರ, ಮಾಲೀಕರೋ ಪೊಲೀಸರೋ ಕರೆಯದೆ ಕೆಟ್ಟ ಕಾರಿನ ಬಳಿ ಬಂದು ಗಿರಾಕಿ ಹಿಡಿಯುವುದು ಟೋಯಿಂಗ್‌ನವರಿಗೆ ಅಪರಾಧವೇ ಆಗಿದೆ. ಕರೆದು ಬಂದವನೂ, ನೀವು ಸ್ಥಳದಲ್ಲಿದ್ದರೆ, ಕಾರಿಗೆ ಕೊಕ್ಕೆ ಹಾಕುವ ಮೊದಲು ಬರಹದಲ್ಲಿ ಅಂದಾಜು ಪಟ್ಟಿ ಕೊಡಬೇಕು. ಕಂಪನಿಯ ಹೆಸರು, ವಿಳಾಸ, ಟ್ರಕ್ಕಿನ ನಂಬರು, ಚಾಲಕನ ಹೆಸರು, ಪ್ರತಿಯೊಂದು ಕೆಲಸದ ದರ, ಮೈಲಿಗಳ ಲೆಕ್ಕ, 24 ಗಂಟೆಗೆ ಇಂತಿಷ್ಟು ಎಂಬ ಸ್ಟೋರೇಜ್ ದರ, ಇವೆಲ್ಲ ಅದರಲ್ಲಿ ಇರಬೇಕು. ಆದ್ದರಿಂದ ಚಾಲಕ ಎಷ್ಟೇ ಅವಸರ ಮಾಡಿದರೂ ಆ ಪಟ್ಟಿ ಕೈಗೆ ಬರುವವರೆಗೆ, ಕಾರನ್ನು ಎಲ್ಲಿಗೆ ಒಯ್ಯಬೇಕೆಂಬ ನಿಮ್ಮ ಆಯ್ಕೆಯ ವಿಳಾಸ ಅದರಲ್ಲಿ ಬರೆಯುವವರೆಗೆ ಸಹಿ ಹಾಕಬೇಡಿ. ಮೊಬೈಲಿನಲ್ಲಿ ಅದರ ಚಿತ್ರ ತೆಗೆದಿಟ್ಟುಕೊಳ್ಳಿ. ಮಾತು ಕಠಿಣವೆನಿಸಬಹುದು, ಆದರೆ ಅಲ್ಲಿ ಯಾರೂ ಅದನ್ನು ಅವಮಾನವೆಂದು ಎಣಿಸುವುದಿಲ್ಲ.

ಖರ್ಚೇ ಇಲ್ಲದ ದಾರಿಯೂ ಒಂದಿದೆ. ದೊಡ್ಡ ನಗರಗಳ ಸುತ್ತಲಿನ ಫ್ರೀವೇ ಎಂಬ ಹೆದ್ದಾರಿಗಳಲ್ಲಿ, ಮುಖ್ಯವಾಗಿ ಕೆಲಸದ ದಿನಗಳ ದಟ್ಟಣೆಯ ಹೊತ್ತಿನಲ್ಲಿ, ಫ್ರೀವೇ ಸರ್ವಿಸ್ ಪ್ಯಾಟ್ರೋಲ್ ಎಂಬ ಸರ್ಕಾರಿ ವ್ಯವಸ್ಥೆಯ ಟ್ರಕ್ಕುಗಳು ಓಡಾಡುತ್ತಿರುತ್ತವೆ. ಅವರು ಟೈರ್ ಬದಲಿಸುತ್ತಾರೆ, ಬ್ಯಾಟರಿಗೆ ಜಂಪ್ ಕೊಡುತ್ತಾರೆ, ಒಂದು ಗ್ಯಾಲನ್ ಇಂಧನ ಹಾಕುತ್ತಾರೆ, ಏನೂ ಆಗದಿದ್ದರೆ ಹೆದ್ದಾರಿಯ ಹೊರಗಿನ ನಿಗದಿತ ಜಾಗಕ್ಕೆ ಎಳೆದು ಬಿಡುತ್ತಾರೆ. ಅದಕ್ಕೆ ಕಾಸೂ ಇಲ್ಲ, ಟಿಪ್ಸೂ ಇಲ್ಲ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಮುತ್ತ 511ಕ್ಕೆ ಕರೆ ಮಾಡಿ ಕೇಳಬಹುದು. ಮಿಕ್ಕೆಡೆಗೆ ಎಎಎ ಎಂಬ ವಾಹನ ಸವಾರರ ಸಂಘದ ಸದಸ್ಯತ್ವವೋ ವಿಮೆಯ ಜೊತೆ ಬರುವ ರಸ್ತೆ ನೆರವೋ ಇರಲಿ. ಎಎಎಯ ಪ್ಲಸ್ ಸದಸ್ಯತ್ವದಲ್ಲಿ 100 ಮೈಲಿಯವರೆಗೆ ಎಳೆದು ತರುತ್ತಾರೆ; ಸದಸ್ಯತ್ವ ಕಾರಿನದಲ್ಲ, ವ್ಯಕ್ತಿಯದಾದ್ದರಿಂದ ಸ್ನೇಹಿತನ ಕಾರಿನಲ್ಲಿ ಹೋಗುವಾಗಲೂ ಅದು ನಡೆಯುತ್ತದೆ.

ಕಾರನ್ನು ಅಂಚಿನಲ್ಲಿ ಬಿಟ್ಟು ಬೇರೆಯವರ ಗಾಡಿಯಲ್ಲಿ ಮನೆಗೆ ಬಂದು ‘ನಾಳೆ ನೋಡೋಣ’ ಎನ್ನುವುದು ಎಲ್ಲಕ್ಕಿಂತ ದುಬಾರಿಯಾದ ತಪ್ಪು. ಫ್ರೀವೇ ಬದಿಯಲ್ಲಿ ಯಾರೂ ಇಲ್ಲದೆ ನಾಲ್ಕು ಗಂಟೆ ಮೀರಿದ ಕಾರನ್ನು ಎಳೆಸಲು ಹೈವೇ ಪ್ಯಾಟ್ರೋಲ್ ಪೊಲೀಸರಿಗೆ ಅಧಿಕಾರವಿದೆ, ಅಪಾಯದ ಜಾಗದಲ್ಲಿದ್ದರೆ ಅಷ್ಟು ಹೊತ್ತೂ ಕಾಯುವುದಿಲ್ಲ. ಹೀಗೆ ಪೊಲೀಸರು ಎಳೆಸಿದಾಗ 48 ಗಂಟೆಗಳೊಳಗೆ, ರಜಾದಿನ ಬಿಟ್ಟು, ನೋಂದಾಯಿತ ಮಾಲೀಕರ ವಿಳಾಸಕ್ಕೆ ನೋಟಿಸ್ ಹೊರಡುತ್ತದೆ. ಎಳೆಸಿದ್ದೇ ಸರಿಯಲ್ಲ ಎನ್ನುವವರು ನೋಟಿಸಿನ ದಿನಾಂಕದಿಂದ 10 ದಿನಗಳೊಳಗೆ ವಿಚಾರಣೆ ಕೇಳಬಹುದು. ಕಾರಣ ಸಮರ್ಪಕವಾಗಿರಲಿಲ್ಲವೆಂದು ತೀರ್ಮಾನವಾದರೆ ಟೋಯಿಂಗ್ ಮತ್ತು ಸ್ಟೋರೇಜ್ ಖರ್ಚನ್ನು ಆ ಇಲಾಖೆಯೇ ಭರಿಸಬೇಕು. ಈ ಹಕ್ಕು ಟೋಯಿಂಗ್ ಕಂಪನಿಯ ಬಿಲ್ಲಿನ ಜಗಳಕ್ಕೆ ಅಲ್ಲ, ಎಳೆಸಿದ ಇಲಾಖೆಯ ನಿರ್ಧಾರಕ್ಕೆ ಸಂಬಂಧಿಸಿದ್ದು. ಎರಡನ್ನೂ ಬೆರೆಸಿಕೊಂಡು ಕಂಪನಿಯ ಕಿಟಕಿಯೆದುರು ನಿಂತು ಪೊಲೀಸರನ್ನು ಬೈಯುವುದರಿಂದ ಹೊತ್ತು ಹೋಗುತ್ತದೆ, ಸ್ಟೋರೇಜ್ ಬೆಳೆಯುತ್ತದೆ.

ಯಾರ್ಡಿಗೆ ಹೋದವರು ಮೊದಲು ಗೋಡೆ ನೋಡಬೇಕು, ಏಕೆಂದರೆ ಗ್ರಾಹಕರ ಹಕ್ಕುಗಳ ಫಲಕವನ್ನು ಅಲ್ಲಿ ಹಾಕಿರಲೇಬೇಕು. ವಿವರವಾದ ಬಿಲ್ಲು ಕೇಳುವ, ಕ್ರೆಡಿಟ್ ಕಾರ್ಡಿನಲ್ಲಿ ಪಾವತಿಸುವ ಹಕ್ಕು ನಿಮಗಿದೆ. ಮೊದಲ 72 ಗಂಟೆಗಳಲ್ಲಿ ಕಾರಿನೊಳಗಿನ ನಿಮ್ಮ ವಸ್ತುಗಳನ್ನು ಶುಲ್ಕವಿಲ್ಲದೆ ಪಡೆಯಬಹುದು. ಪಾಸ್‌ಪೋರ್ಟು, ಲ್ಯಾಪ್‌ಟಾಪು ಒಳಗೆ ಉಳಿದವರಿಗೆ ಇದರ ಬೆಲೆ ಗೊತ್ತು. ಮೊದಲ 24 ಗಂಟೆಗಳೊಳಗೆ ಹಣ ಕೊಟ್ಟು ಬಿಡಿಸಿಕೊಂಡರೆ ಒಂದೇ ದಿನದ ಸ್ಟೋರೇಜ್. ಗೇಟ್ ಫೀ ಎಂಬುದು ಸೋಮವಾರದಿಂದ ಶುಕ್ರವಾರ ಬೆಳಿಗ್ಗೆ 8ರಿಂದ ಸಂಜೆ 5ರ ಹೊತ್ತಿಗೆ ಅನ್ವಯಿಸುವುದಿಲ್ಲ. ಸೋಮವಾರ ಮಧ್ಯಾಹ್ನ ನನ್ನಿಂದ ಕೇಳಿದ್ದು ಅದನ್ನೇ. ಬಿಲ್ಲು ಅನ್ಯಾಯವೆನಿಸಿದರೂ ಕಾರ್ಡಿನಲ್ಲಿ ಕಟ್ಟಿ, ರಸೀದಿಯ ಮೇಲೆ ‘ಆಕ್ಷೇಪಣೆಯೊಂದಿಗೆ ಪಾವತಿಸಿದೆ’ ಎಂದು ಇಂಗ್ಲಿಷಿನಲ್ಲಿ ಬರೆದು, ಕಾರನ್ನು ಮೊದಲು ಹೊರಗೆ ತನ್ನಿ. ಸ್ಮಾಲ್ ಕ್ಲೇಮ್ಸ್ ನ್ಯಾಯಾಲಯ ಇರುವುದು ಇಂಥ ಜಗಳಗಳಿಗೇ: 2024ರಿಂದ 12,500 ಡಾಲರ್‌ವರೆಗಿನ ದಾವೆಯನ್ನು ವ್ಯಕ್ತಿಯೊಬ್ಬ ಅಲ್ಲಿ ಹೂಡಬಹುದು, ಸಾಮಾನ್ಯವಾಗಿ ಶುಲ್ಕ 30ರಿಂದ 75 ಡಾಲರ್, ವಿಚಾರಣೆಯಲ್ಲಿ ಎರಡೂ ಕಡೆ ವಕೀಲರಿಲ್ಲ. ನಾನು ಒಂದು ದಿನ ರಜೆ ಹಾಕಿ, ಆ ಯಾರ್ಡಿರುವ ಕೌಂಟಿಯವರೆಗೆ ಹೋಗಿ, ಗೇಟ್ ಫೀಯನ್ನೂ ಒಂದು ದಿನದ ಸ್ಟೋರೇಜನ್ನೂ ಮರಳಿ ಪಡೆದೆ. ನ್ಯಾಯಾಧೀಶರು ಕೇಳಿದ ಮೊದಲ ಪ್ರಶ್ನೆ ಅಂದಾಜು ಪಟ್ಟಿ ಎಲ್ಲಿ ಎಂಬುದೇ ಆಗಿತ್ತು; ಅದು ಎದುರು ಪಕ್ಷದವರ ಬಳಿಯೂ ಇರಲಿಲ್ಲ.

ಇದೆಲ್ಲ ಕ್ಯಾಲಿಫೋರ್ನಿಯಾದ ಮಾತು. ಟೆಕ್ಸಾಸಿಗೆ ಹೋಗುವವರಿಗೆ ವಿಚಾರಣೆ, ಗಡುವು ಎಲ್ಲವೂ ಬೇರೆ.

ಕೊನೆಗೆ, ಕಾರು ಕೊಳ್ಳುವ ದಿನವೇ ಮುಗಿಸಬೇಕಾದ ಕೆಲಸವೊಂದಿದೆ. ಊರಿಗೆ ಮರಳುವ ಸೀನಿಯರ್ ಕೈಯಿಂದ ಕಾರು ಕೊಳ್ಳುವುದು ನಮ್ಮವರಲ್ಲಿ ರೂಢಿ. ಅರಸೀಕೆರೆ ಕಡೆಯ ಒಬ್ಬ ಹುಡುಗ, ಬೇಲೂರಿಗೆ ಹಿಂದಿರುಗಿದ ಸ್ನೇಹಿತನಿಂದ ಕೊಂಡ ಕಾರಿನ ಹೆಸರು ಬದಲಾವಣೆಯನ್ನು ಎರಡು ತಿಂಗಳು ಮುಂದೂಡಿದ್ದ. ಕಾರು ಫ್ರೀವೇ ಬದಿಯಿಂದ ಯಾರ್ಡಿಗೆ ಹೋಯಿತು, ನೋಟಿಸು ಆ ಸ್ನೇಹಿತ ಖಾಲಿ ಮಾಡಿದ್ದ ಅಪಾರ್ಟ್‌ಮೆಂಟಿಗೆ ಹೋಯಿತು, ವಿಚಾರಣೆ ಕೇಳುವ 10 ದಿನಗಳು ಯಾರಿಗೂ ತಿಳಿಯದೆ ಕಳೆದವು. ಯಾರ್ಡಿನವರು ಹುಡುಗನನ್ನು ಮಾಲೀಕನೆಂದು ಒಪ್ಪಲಿಲ್ಲ. ಬೇಲೂರಿನಿಂದ ಸಹಿಯಾದ ಕಾಗದ ಬರುವಷ್ಟರಲ್ಲಿ ಸ್ಟೋರೇಜ್ ಕಾರಿನ ಬೆಲೆಯನ್ನು ದಾಟಿತ್ತು. ಕೊಂಡವರು 10 ದಿನಗಳೊಳಗೆ ಡಿಎಂವಿಯಲ್ಲಿ, ಅಂದರೆ ನಮ್ಮ ಆರ್‌ಟಿಒದಂಥ ಕಚೇರಿಯಲ್ಲಿ, ಹೆಸರು ಬದಲಿಸಿಕೊಳ್ಳಬೇಕು, ಮನೆ ಬದಲಿಸಿದರೂ ಅಷ್ಟೇ ದಿನಗಳಲ್ಲಿ ವಿಳಾಸ ತಿಳಿಸಬೇಕು. ಮಾರಿದವರು 5 ದಿನಗಳೊಳಗೆ ಹೊಣೆ ಬಿಡುಗಡೆಯ ನಮೂನೆಯನ್ನು ಡಿಎಂವಿಗೆ ಸಲ್ಲಿಸಬೇಕು. ವಿಮಾನ ಹತ್ತುವ ಗಡಿಬಿಡಿಯಲ್ಲಿರುವ ಸೀನಿಯರ್ ಅದನ್ನು ಮರೆಯುತ್ತಾರೆ. ಕೀಲಿ ತೆಗೆದುಕೊಳ್ಳುವಾಗ ಅವರ ಪಕ್ಕದಲ್ಲೇ ಕುಳಿತು ಆನ್‌ಲೈನ್‌ನಲ್ಲಿ ಸಲ್ಲಿಸುವಂತೆ ಮಾಡಿ.