ಗಜನಿ ಒಡ್ಡಿನ ಮಣ್ಣಿನಲ್ಲಿ ಸಿಕ್ಕ ಗಂಧಕ ಬ್ಯಾಕ್ಟೀರಿಯಾ: ನನ್ನ ಅನುಭವ

ಆಮ್ಲೀಯ ಗಣಿನೀರಿನ ಬ್ಯಾಕ್ಟೀರಿಯಾಗಳ ಪಾಠ ಮುಗಿದ ದಿನ ವಿದ್ಯಾರ್ಥಿನಿಯೊಬ್ಬಳು, ಬೇಲೆಕೇರಿ ಬಂದರಿನಲ್ಲಿ ರಾಶಿ ಹಾಕುತ್ತಿದ್ದ ಅದಿರಿನಡಿಯ ನೀರಿನಲ್ಲೂ ಅವು ಇದ್ದಿರಬೇಕಲ್ಲವೇ ಎಂದು ಕೇಳಿದಳು. ಬಳ್ಳಾರಿ ಕಡೆಯ ಆ ಅದಿರು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ಗಂಧಕವನ್ನು ಉತ್ಕರ್ಷಿಸಿ (ಆಮ್ಲಜನಕದೊಡನೆ ಕೂಡಿಸಿ) ಸಲ್ಫ್ಯೂರಿಕ್ ಆಮ್ಲ ಮಾಡುತ್ತಾ ಬದುಕುವ ಈ ಜೀವಿಗಳಿಗೆ ಬೇಕಾದದ್ದು ಗಂಧಕ ಅಥವಾ ಪೈರೈಟ್‌ನಂಥ ಸಲ್ಫೈಡ್. ಆದರೆ ಪೈರೈಟ್ ಹುಡುಕಿಕೊಂಡು ಗಣಿಗೇ ಹೋಗಬೇಕಾಗಿಲ್ಲ. ಕಾಂಡ್ಲಾ (ಮ್ಯಾಂಗ್ರೋವ್) ಗಿಡಗಳ ಬುಡದ ಗಾಳಿಯಾಡದ ಕೆಸರಿನಲ್ಲಿ ಸಮುದ್ರದ ನೀರಿನ ಸಲ್ಫೇಟ್ ಸಲ್ಫೈಡ್ ಆಗಿ, ಕಬ್ಬಿಣದೊಡನೆ ಕೂಡಿ ಪೈರೈಟ್ ಆಗುತ್ತದೆ. ಆದ್ದರಿಂದ ಕಾರವಾರದ ಕಾಳಿ ನದಿಯಂಚಿನ ಕೆಸರಿನಿಂದಲೇ ಅವನ್ನು ಬೆಳೆಸಿ ತೋರಿಸಲು ಹೊರಟೆ.

ಒಂದು ಲೀಟರ್ ಬಟ್ಟಿ ಇಳಿಸಿದ ನೀರಿಗೆ 0.3 ಗ್ರಾಂ ಅಮೋನಿಯಂ ಸಲ್ಫೇಟ್, 3.5 ಗ್ರಾಂ ಪೊಟ್ಯಾಸಿಯಂ ಡೈಹೈಡ್ರೋಜನ್ ಫಾಸ್ಫೇಟ್, 0.5 ಗ್ರಾಂ ಮೆಗ್ನೀಸಿಯಂ ಸಲ್ಫೇಟ್, 0.25 ಗ್ರಾಂ ಕ್ಯಾಲ್ಸಿಯಂ ಕ್ಲೋರೈಡ್ ಬೆರೆಸಿ, ಪಿಎಚ್ (ಕಡಿಮೆಯಾದಷ್ಟೂ ಆಮ್ಲ ಹೆಚ್ಚು) 4ಕ್ಕೆ ಇಳಿಸಿ, 10 ಗ್ರಾಂ ಗಂಧಕದ ಪುಡಿ ಉದುರಿಸಿದೆ. ಇಂಗಾಲವನ್ನು ಅವು ಗಾಳಿಯ ಕಾರ್ಬನ್ ಡೈಆಕ್ಸೈಡ್‌ನಿಂದಲೇ ಪಡೆಯುವುದರಿಂದ ಸಕ್ಕರೆ, ಪೆಪ್ಟೋನ್ ಏನೂ ಬೇಡ. ಆದರೆ ಗಂಧಕವನ್ನು, ಒತ್ತಡದ ಹಬೆಯಿಂದ ಸೂಕ್ಷ್ಮಜೀವಿಗಳನ್ನು ಕೊಲ್ಲುವ ಆಟೋಕ್ಲೇವ್‌ಗೆ ಇಟ್ಟದ್ದು ನನ್ನ ತಪ್ಪು: 121 ಡಿಗ್ರಿಯಲ್ಲಿ ಅದು ಕರಗಿ, ಬೆಲ್ಲದ ಅಚ್ಚಿನಂತೆ ಫ್ಲಾಸ್ಕಿನ ತಳಕ್ಕೆ ಅಂಟಿಕೊಂಡಿತು. ಅಂದಿನಿಂದ ಗಂಧಕವನ್ನು ಪ್ರತ್ಯೇಕವಾಗಿ ಇಡ್ಲಿ ಪಾತ್ರೆಯ ಹಬೆಯಲ್ಲಿ ಮೂರು ದಿನ, ದಿನಕ್ಕೆ ಅರ್ಧ ಗಂಟೆಯಂತೆ ಇಡುತ್ತೇನೆ.

ಮೊದಲು ತಂದದ್ದು ಕೊಳೆತ ಮೊಟ್ಟೆಯ ವಾಸನೆಯ ಕಪ್ಪು ಹಸಿ ಕೆಸರು. ಮೂರು ವಾರ ಕಾದರೂ ಪಿಎಚ್ ಕಾಗದದ ಬಣ್ಣ ಬದಲಾಗಲಿಲ್ಲ. ಪೈರೈಟ್‌ಗೆ ಗಾಳಿ ತಾಗಿದಾಗಲೇ ಆಮ್ಲ ಹುಟ್ಟುವುದು; ಗಾಳಿ ಕಾಣದ ಆ ಕೆಸರಿನಲ್ಲಿ ಅದಿನ್ನೂ ಹುಟ್ಟಿರಲಿಲ್ಲ. ಜೊತೆಗೆ ಆಮ್ಲಪ್ರಿಯವಾದ ಈ ಜೀವಿಗಳಿಗೆ ಉಪ್ಪಿನ ಕ್ಲೋರೈಡ್ ಆಗದು. ಮಳೆಗಾಲ ಕಳೆದ ಮೇಲೆ ಗಜನಿ (ಉಪ್ಪುನೀರು ನುಗ್ಗುವ ಕರಾವಳಿಯ) ಗದ್ದೆಯ ಯಜಮಾನರೊಬ್ಬರು, "ಆ ಒಡ್ಡಿನ ಮೇಲೆ ಹುಲ್ಲೂ ಹುಟ್ಟೂದಿಲ್ಲ, ಅಕ್ಕೋರೇ," ಎಂದು ತೋರಿಸಿದರು. ಕಾಲುವೆಯಿಂದ ತೆಗೆದು ಒಡ್ಡಿಗೆ ಹಾಕಿದ್ದ ಆ ಮಣ್ಣು ಎರಡು ಮಳೆಗಾಲದಲ್ಲಿ ಉಪ್ಪು ಕಳೆದುಕೊಂಡು, ಬಿಸಿಲಿಗೆ ಬಿರಿದು, ಬಿರುಕಿನೊಳಗೆ ತುಕ್ಕಿನ ಕೆಂಪೂ ಮಾಸಲು ಹಳದಿಯೂ ಮೂಡಿತ್ತು. ನೀರಿನಲ್ಲಿ ಕಲಸಿ ನೋಡಿದರೆ ಪಿಎಚ್ 3ರ ಆಸುಪಾಸು.

ಅದರ ಒಂದು ಗ್ರಾಂ ಹಾಕಿದ ಫ್ಲಾಸ್ಕಿನಲ್ಲಿ, ಟಾಲ್ಕಂ ಪುಡಿಯಂತೆ ತೇಲುತ್ತಿದ್ದ ಗಂಧಕ ಒಂಬತ್ತನೆಯ ದಿನ ಒದ್ದೆಯಾಗಿ ತಳಕ್ಕೆ ಇಳಿಯತೊಡಗಿತು. ಮಣ್ಣು ಹಾಕದ ಫ್ಲಾಸ್ಕಿನಲ್ಲಿ ತೇಲುತ್ತಲೇ ಇತ್ತು. ಗಂಧಕಕ್ಕೆ ಅಂಟಿ ಬೆಳೆಯುವ ಬ್ಯಾಕ್ಟೀರಿಯಾ ಅದನ್ನು ನೆನೆಸುವ ವಸ್ತುಗಳನ್ನೂ ಸ್ರವಿಸುತ್ತದೆ. ತಿಂಗಳಾಗುವಷ್ಟರಲ್ಲಿ ಪಿಎಚ್ 1ರ ಹತ್ತಿರಕ್ಕೆ ಬಂತು. ದ್ರಾವಣದಲ್ಲಿ ಮೊದಲೇ ಸಲ್ಫೇಟ್ ಇರುವುದರಿಂದ, ಸಲ್ಫೇಟ್ ಗುರುತಿಸಲು ಹಾಕುವ ಬೇರಿಯಂ ಕ್ಲೋರೈಡ್ ಎರಡೂ ಫ್ಲಾಸ್ಕುಗಳಲ್ಲಿ ಬಿಳಿ ಗಸಿ ಕೊಟ್ಟು ದಾರಿ ತಪ್ಪಿಸುತ್ತದೆ. ಕ್ಷಾರದಿಂದ ಟೈಟ್ರೇಷನ್ ಮಾಡಿಯೇ (ಆಮ್ಲ ತೀರುವವರೆಗೆ ಎಷ್ಟು ಕ್ಷಾರ ಹಿಡಿಯಿತೆಂದು ನೋಡಿಯೇ) ಆಮ್ಲವನ್ನು ಅಳೆಯಬೇಕು.

ಗಂಧಕದ ಬದಲು ಫೆರಸ್ ಸಲ್ಫೇಟ್ ಕೊಟ್ಟಾಗ ದ್ರಾವಣ ಕೆಂಪಾಗಲಿಲ್ಲ. ಹಾಗಾಗಿ ಇದು 1947ರಲ್ಲಿ ಕೋಲ್ಮರ್ ಮತ್ತು ಹಿಂಕಲ್ ಕಲ್ಲಿದ್ದಲು ಗಣಿಯ ನೀರಿನಲ್ಲಿ ಕಂಡ, ಕಬ್ಬಿಣವನ್ನು ಉತ್ಕರ್ಷಿಸುವ ಬಗೆಯಲ್ಲ. 1922ರಲ್ಲಿ ವಾಕ್ಸ್‌ಮನ್ ಮತ್ತು ಜೋಫ್ ಮಣ್ಣಿನಿಂದ ಬೇರ್ಪಡಿಸಿದ, ಇಂದು ಅಸಿಡಿಥಯೋಬ್ಯಾಸಿಲಸ್ ಥಯೋಆಕ್ಸಿಡನ್ಸ್ ಎನ್ನುವ ಜೀವಿಯ ಬಳಗದ್ದಿರಬೇಕು. ಜೀನ್ ಪರೀಕ್ಷೆ ಮಾಡಿಸದೆ ಇದಕ್ಕಿಂತ ಹೆಚ್ಚು ಹೇಳಲಾರೆ.

ಹಳೆಯ ದ್ರಾವಣ ಚೆಲ್ಲುವ ಮೊದಲು ಅದರ ಆಮ್ಲ ಕಳೆಯಲು ಬಳಚಿನ ಚಿಪ್ಪು ಹಾಕಿ ನೋಡಿದ್ದೆ. ಚಿಪ್ಪಿನ ಮೇಲೆ ಜಿಪ್ಸಂ ಪದರ ಕೂತು ನೊರೆ ಬೇಗನೆ ನಿಂತುಹೋಯಿತು. ಈಗ ತೊಳೆಯುವ ಸೋಡಾ ಬಳಸುತ್ತೇನೆ.