ಬರೆ ಜರಿಯುವ ಮೊದಲೇ ಊರು ಸಜ್ಜಾಗುವುದು ಹೇಗೆ?

ಕೊಡಗಿನಲ್ಲಿ ಮಳೆಯನ್ನು ಇಂದಿಗೂ ಇಂಚು, ಸೆಂಟಿನಲ್ಲೇ ಹೇಳುತ್ತಾರೆ. ‘ನಿನ್ನೆ ನಿಮ್ಮಲ್ಲಿ ಎಷ್ಟು?’ ಎಂದು ಕೇಳಿದರೆ ‘ಮೂರು ಇಂಚು, ನಲವತ್ತು ಸೆಂಟು’ ಎನ್ನುತ್ತಾರೆ. ಸೆಂಟು ಎಂದರೆ ಇಂಚಿನ ನೂರರಲ್ಲಿ ಒಂದು ಪಾಲು. ಕಾಫಿ ಬೆಳೆಯುವ ಎಷ್ಟೋ ಮನೆಗಳಲ್ಲಿ ದಿನದಿನದ ಮಳೆ ಬರೆದಿಟ್ಟ ಹಳೆಯ ಪುಸ್ತಕಗಳಿವೆ. ಕಾಫಿ ಹೂ ಅರಳಿಸುವ ಹೂಮಳೆಯ ಲೆಕ್ಕಕ್ಕೆ ಇಟ್ಟ ಆ ಪುಸ್ತಕ, ಬರೆ (ಗುಡ್ಡದ ಕಡಿದಾದ ಮಣ್ಣಿನ ಇಳಿಜಾರು) ಜರಿಯುವ ಕಾಲದಲ್ಲಿ ಜೀವ ಉಳಿಸುವುದಕ್ಕೂ ಬೇಕಾಗುತ್ತದೆ.

2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲದ ಸುತ್ತ ಗುಡ್ಡಗಳು ಜರಿದವು. 2020ರ ಆಗಸ್ಟ್‌ನಲ್ಲಿ ತಲಕಾವೇರಿಯ ಬ್ರಹ್ಮಗಿರಿ ಕುಸಿಯಿತು. 2024ರ ಜುಲೈ 30ರಂದು ಪಕ್ಕದ ವಯನಾಡಿನಲ್ಲಿ ಊರುಗಳೇ ಕೊಚ್ಚಿಹೋದವು. ಬ್ರಹ್ಮಗಿರಿ, ವಯನಾಡು ಎರಡೂ ಕಡೆ ಗುಡ್ಡ ಬಂದದ್ದು ಜನ ಮಲಗಿದ್ದಾಗ. ಹಾಗಾಗಿ ಊರು ಕಲಿಯಬೇಕಾದ ಮುಖ್ಯ ಕೆಲಸ ಒಂದೇ: ಬೆಳಕಿರುವಾಗಲೇ ಹೊರಡುವುದು. ಅದಕ್ಕೆ ತಯಾರಿ ಮೇ ತಿಂಗಳಲ್ಲೇ ಶುರುವಾಗಬೇಕು.

ಮೊದಲು ಗುಡ್ಡ ಸುತ್ತಿ

ಮಳೆಗಾಲಕ್ಕೆ ಮುಂಚೆ ಒಂದು ಭಾನುವಾರ ಊರಿನ ಹಿರಿಯರೊಬ್ಬರನ್ನು ಕರೆದುಕೊಂಡು ಗುಡ್ಡ ಹತ್ತಿ. ಹಿಂದೆ ತೋಡು (ಸಣ್ಣ ಹಳ್ಳ) ಎಲ್ಲಿ ಹರಿಯುತ್ತಿತ್ತು, ಈಗ ಎಲ್ಲಿ ಮುಚ್ಚಿದೆ ಎಂದು ಅವರಿಗೆ ಗೊತ್ತಿರುತ್ತದೆ. ಮನೆಗೆ, ರಸ್ತೆಗೆ, ಹೋಂಸ್ಟೇಗೆ ಎಂದು ಬರೆ ಕಡಿದ ಜಾಗಗಳನ್ನೆಲ್ಲ ಕಾಗದದಲ್ಲಿ ಗುರುತು ಹಾಕಿ. 2018ರ ಕುಸಿತಗಳನ್ನು ನೋಡಿದ ಭೂವಿಜ್ಞಾನಿಗಳು ಬೊಟ್ಟು ಮಾಡಿದ್ದು ಇದಕ್ಕೇ: ಇಳಿಜಾರು ಕಡಿದದ್ದು, ನೀರಿನ ದಾರಿ ಮುಚ್ಚಿದ್ದು. ಬರೆಯ ಕೆಳಗಿರುವ ಮನೆಗಳ ಪಟ್ಟಿ ಮಾಡಿ. ತೋಟದ ಕಾರ್ಮಿಕರ ಲೈನ್ ಮನೆಗಳನ್ನು, ಪೈಸಾರಿಯ (ಸರ್ಕಾರಿ ಜಾಗದ) ಮನೆಗಳನ್ನು ಬಿಡಬೇಡಿ. ಪಟ್ಟಿಯಿಂದ ಬಿಟ್ಟುಹೋಗುವುದು ಯಾವಾಗಲೂ ಅವೇ.

ಮಳೆ ಅಳೆಯಿರಿ

ನನಗೆ ಕೇಳಿದರೆ ಎಲ್ಲಕ್ಕಿಂತ ಮುಖ್ಯವಾದದ್ದು ಇದು. ರೆಡ್ ಅಲರ್ಟ್ ಇಡೀ ಜಿಲ್ಲೆಗೆ ಬರುತ್ತದೆ. ಆದರೆ ಒಂದು ಗುಡ್ಡದ ಆಚೆ, ಈಚೆ ಮಳೆ ಎಷ್ಟು ಬೇರೆ ಅಂತ ಮಲೆನಾಡಿನವರಿಗೆ ಹೇಳಿಕೊಡಬೇಕಾಗಿಲ್ಲ, ಅಲ್ವಾ? ರಾಜ್ಯದ ವಿಪತ್ತು ಉಸ್ತುವಾರಿ ಕೇಂದ್ರದ ಮಳೆಮಾಪಕ ಗ್ರಾಮ ಪಂಚಾಯಿತಿ ಮಟ್ಟದಲ್ಲಿದೆ. ನಿಮ್ಮ ಬರೆಯ ಮೇಲೆ ಬಿದ್ದದ್ದನ್ನು ನೀವೇ ಅಳೆಯಬೇಕು.

ಒಂದು ಮಳೆಮಾಪಕವನ್ನು ಬಯಲಿನಲ್ಲಿ ಇಡಿ. ಮರದ ಹನಿ, ಮಾಡಿನ ನೀರು ಅದಕ್ಕೆ ಬೀಳಬಾರದು. ಕೊಳ್ಳಲು ಆಗದಿದ್ದರೆ ಉದ್ದಕ್ಕೂ ಒಂದೇ ಅಗಲ ಇರುವ, ಚಪ್ಪಟೆ ತಳದ ಡಬ್ಬಿ, ಒಂದು ಸ್ಕೇಲು ಸಾಕು. ಬೆಳಿಗ್ಗೆ ಎಂಟೂವರೆಗೆ ಓದಿ, ಬರೆದಿಡಿ. ಜೋರು ಮಳೆಯಲ್ಲಿ ಸಂಜೆ ಕತ್ತಲಾಗುವ ಮೊದಲು ಇನ್ನೊಮ್ಮೆ ಓದಿ. ಒಂದು ಇಂಚು ಎಂದರೆ 25.4 ಮಿ.ಮೀ. ದಿನಕ್ಕೆ 204.4 ಮಿ.ಮೀ. ದಾಟಿದರೆ ಹವಾಮಾನ ಇಲಾಖೆಯ ಲೆಕ್ಕದಲ್ಲಿ ಅದು ಅತ್ಯಂತ ಭಾರೀ ಮಳೆ, ಅಂದರೆ ಸುಮಾರು ಎಂಟು ಇಂಚು.

ಆದರೆ ಒಂದು ದಿನದ ಲೆಕ್ಕ ನೋಡಿದರೆ ಸಾಲದು. ವಾರಗಟ್ಟಲೆ ನೆನೆದ ಮಣ್ಣಿಗೆ ಕಡಿಮೆ ಮಳೆಯೂ ಜಾಸ್ತಿಯೇ. ಹಳೆಯ ಪುಸ್ತಕದಲ್ಲಿ 2018ರ ಆಗಸ್ಟ್ ಪುಟ ತೆರೆಯಿರಿ. ನಿಮ್ಮ ಹತ್ತಿರದ ಬರೆ ಜರಿದ ದಿನದ ಹಿಂದಿನ ಮೂರು ದಿನ, ಏಳು ದಿನ ಒಟ್ಟು ಎಷ್ಟು ಸುರಿದಿತ್ತು ಎಂದು ಕೂಡಿ. ಅದಕ್ಕಿಂತ ಸಾಕಷ್ಟು ಕೆಳಗೆ ಊರಿನ ಗೆರೆ ಎಳೆಯಿರಿ. ಮಳೆ ಆ ಗೆರೆ ಮುಟ್ಟಿದ ಕೂಡಲೇ, ಕತ್ತಲಾಗುವ ಮೊದಲೇ, ಪಟ್ಟಿಯಲ್ಲಿರುವ ಮನೆಯವರೆಲ್ಲ ಹೊರಡಬೇಕು. ಅವತ್ತು ಕೂತು ಚರ್ಚೆ ಮಾಡುವುದು ಬೇಡ.

ಗೆರೆ ಮುಟ್ಟದಿದ್ದರೂ

ಗುಡ್ಡ ಬೇರೆ ಸೂಚನೆಗಳನ್ನೂ ಕೊಡುತ್ತದೆ. ನೆಲ ಬಿರುಕು ಬಿಡುವುದು. ನೆಟ್ಟಗಿದ್ದ ಮರ, ಕರೆಂಟು ಕಂಬ ವಾಲುವುದು. ಬಾಗಿಲು ಇದ್ದಕ್ಕಿದ್ದಂತೆ ಬಿಗಿಯಾಗುವುದು. ಹೊಸ ಜಾಗದಲ್ಲಿ ಜಲ ಒಡೆಯುವುದು. ತೋಡಿನ ನೀರು ಏಕಾಏಕಿ ಕೆಂಪಾಗುವುದು. ಎಲ್ಲಕ್ಕಿಂತ ಕೆಟ್ಟದ್ದು, ಮಳೆ ಸುರಿಯುತ್ತಿದ್ದರೂ ತೋಡಿನ ನೀರು ಇಳಿಯುವುದು. ಮೇಲೆಲ್ಲೋ ಮಣ್ಣು ಬಿದ್ದು ನೀರು ಕಟ್ಟಿಕೊಂಡಿರಬಹುದು. ಆಗ ಯಾರನ್ನೂ ಕಾಯಬೇಡಿ. ತೋಡಿನ ದಾರಿ ಬಿಟ್ಟು ಪಕ್ಕದ ಎತ್ತರಕ್ಕೆ ಹೋಗಿ, ಆಮೇಲೆ 112ಕ್ಕೆ ಫೋನ್ ಮಾಡಿ.

ಯಾರು, ಯಾರನ್ನು, ಎಲ್ಲಿಗೆ

ಪ್ರತಿ ಐದಾರು ಮನೆಗೆ ಒಬ್ಬರು ಹೊಣೆ ಹೊರಲಿ. ಹಾಸಿಗೆ ಹಿಡಿದವರನ್ನು ಯಾರ ಜೀಪಿನಲ್ಲಿ ಕರೆದೊಯ್ಯುವುದು ಎಂದು ಹೆಸರು ಹೇಳಿ ಗೊತ್ತು ಮಾಡಿ. ಮಳೆ ಹಿಡಿದರೆ ಕರೆಂಟು, ನೆಟ್‌ವರ್ಕ್ ಹೋಗುತ್ತದೆ. ವಾಟ್ಸಾಪ್ ನಂಬಿ ಕೂರಬೇಡಿ, ದೇವಸ್ಥಾನದ ಗಂಟೆಯೋ ಶಾಲೆಯ ಗಂಟೆಯೋ ಇರಲಿ. ತೋಟದ ಕೆಲಸಕ್ಕೆ ಅಸ್ಸಾಂನಿಂದ ಬಂದವರಿಗೆ ಆ ಗಂಟೆಯ ಅರ್ಥ ಮೊದಲೇ ಅವರ ಭಾಷೆಯಲ್ಲಿ ತಿಳಿಸಿ. ಮನೆ ಬಿಟ್ಟವರು ತಂಗುವ ಸರ್ಕಾರದ ಕಾಳಜಿ ಕೇಂದ್ರ ಯಾವುದು ಎಂದು ಪಂಚಾಯಿತಿಯಲ್ಲಿ ಕೇಳಿ, ಅಲ್ಲಿಗೆ ಹೋಗುವ ರಸ್ತೆ ಬರೆಯ ಕೆಳಗೆ ಹಾದುಹೋಗುವುದಿಲ್ಲ ಎಂದು ನೋಡಿಕೊಳ್ಳಿ. ಮೇ ಮುಗಿಯುವ ಮೊದಲು ಒಮ್ಮೆ ನಿಜವಾಗಿ ನಡೆದು ನೋಡಿ, ಅಜ್ಜಿಯರ ಹೆಜ್ಜೆಗೆ ಎಷ್ಟು ಹೊತ್ತು ಬೇಕು ಎಂದು.

ನೀರಿಗೆ ದಾರಿ

ಮುಚ್ಚಿದ ತೋಡು ಬಿಡಿಸಿ. ಬರೆಯ ತಲೆಯ ಮೇಲೆ ಚರಂಡಿ ತೆಗೆದು ನೀರನ್ನು ಪಕ್ಕಕ್ಕೆ ಹರಿಸಿ. ಕಡಿದಾದ ಇಳಿಜಾರಿನಲ್ಲಿ ಇಂಗುಗುಂಡಿ ಬೇಡ. ಬಯಲುಸೀಮೆಗೆ ಒಳ್ಳೆಯದಾದದ್ದು ಇಲ್ಲಿ ಮಣ್ಣಿನ ಭಾರ ಹೆಚ್ಚಿಸುತ್ತದೆ. ಬರಿದಾದ ಬರೆಗೆ ಲಾವಂಚ ನೆಡಬಹುದು, ಅದರ ಬೇರು ಆಳಕ್ಕೆ ಇಳಿಯುತ್ತದೆ.

ಹೊರಡುವ ದಿನ ಕೊಟ್ಟಿಗೆಯ ಹಗ್ಗ ಬಿಚ್ಚಿಬಿಡಿ. ಹಸುವಿಗೆಂದು ವಾಪಸ್ ಹೋಗುವ ಪ್ರಸಂಗ ಬರಬಾರದು. ಮಳೆ ನಿಂತ ಕೂಡಲೇ ಮನೆಗೆ ಹಿಂದಿರುಗಬೇಡಿ. ಒಳಗೆ ಸೇರಿದ ನೀರು ಇಳಿಯುವವರೆಗೆ, ಬಿಸಿಲು ಬಂದ ಮೇಲೂ, ಬರೆ ಜರಿಯಬಹುದು.