ಅಲೆ ಸವಾರಿಗೆ ಎರಡು ಪದರದ ಬೆಲ್ಲಿಬೋರ್ಡ್: ನಾನು ಮಾಡುವ ಬಗೆ

ಬೆಲ್ಲಿಬೋರ್ಡ್ ಎಂಬ ತೆಳು ಮರದ ಹಲಗೆ ನಿಮ್ಮನ್ನು ತೇಲಿಸುವುದಿಲ್ಲ. ಸೊಂಟಮಟ್ಟದ ನೀರಿನಲ್ಲಿ ನಿಂತು, ಅಲೆ ಬೆನ್ನಿಗೆ ಬರುತ್ತಿದ್ದಂತೆ ನೆಲ ಒದ್ದು, ಹೊಟ್ಟೆಯೂರಿ ಹೊರಟರೆ ಹಲಗೆ ನೀರಿನ ಮೇಲೆ ಜಾರುತ್ತದೆ, ಅಷ್ಟೆ. ಇಂಗ್ಲೆಂಡಿನ ಕಾರ್ನ್‌ವಾಲ್ ತೀರದ ಹಳೆಯ ಪ್ಲೈವುಡ್ ಹಲಗೆಗಳ ಲೆಕ್ಕವೂ ಇದೇ: ಸುಮಾರು ನಾಲ್ಕಡಿ ಉದ್ದ, ಒಂದಡಿ ಅಗಲ, ಮೇಲಕ್ಕೆ ಬಾಗಿದ ಮೂತಿ. ದಪ್ಪ ಹೆಚ್ಚಿಸಿದರೆ ಹೊರೆ ಹೆಚ್ಚುತ್ತದೆ, ಓಟವಲ್ಲ.

ಅಲ್ಲಿ ಮೂತಿಗೆ ಹಬೆ ಕೊಟ್ಟು ಬಗ್ಗಿಸುವುದು ವಾಡಿಕೆ. ಆ ಬಾಗು ನೀರು ಕುಡಿಯುತ್ತಾ ಮೆಲ್ಲಗೆ ನೆಟ್ಟಗಾಗುತ್ತದೆ. ಅದಕ್ಕೇ ನಾನು ನೀರು ತಡೆಯುವ 4 ಮಿ.ಮೀ. ಮರೈನ್ ಪ್ಲೈನ ಎರಡು ಪದರಗಳನ್ನು ಬಾಗಿದ ಅಚ್ಚಿನ ಮೇಲೆ ಎಪಾಕ್ಸಿಯಿಂದ (ಎರಡು ದ್ರವ ಬೆರೆಸಿ ಮಾಡುವ ಅಂಟು) ಅಂಟಿಸುತ್ತೇನೆ. ಮರೈನ್ ಪ್ಲೈಗೆ ಇರುವ ಭಾರತೀಯ ಮಾನದಂಡ ಐಎಸ್ 710ರ ಮುದ್ರೆ ಇರುವ ಹಾಳೆಯೇ ಬೇಕು. ಮುದ್ರೆಯನ್ನೂ ಪೂರ್ತಿ ನಂಬಬೇಡಿ. ಒಂದು ತುಂಡನ್ನು ನಾಲ್ಕು ಗಂಟೆ ಕುದಿಸಿ, ಪದರ ಬಿಟ್ಟರೆ ವಾಪಸು ಕೊಡಿ. ಹೆಬ್ಬಲಸಿನಂಥ ಗಟ್ಟಿಮರ ದೋಣಿಗೆ ಸರಿ. 8 ಮಿ.ಮೀ.ಗೆ ಕೀಸಿದ ಒಂಟಿ ಹಲಗೆ ಮಾತ್ರ ಎಳೆಗುಂಟ ಸೀಳುತ್ತದೆ.

8x4 ಅಡಿ ಹಾಳೆಯಲ್ಲಿ 122x30 ಸೆಂ.ಮೀ.ನ ಎಂಟು ತುಂಡು, ಅಂದರೆ ನಾಲ್ಕು ಹಲಗೆ. ಪ್ಲೈನ ಹೊರಮೈಯಲ್ಲಿ ಕಾಣುವ ಮರದ ಎಳೆ ಹಲಗೆಯ ಉದ್ದಕ್ಕೇ ಓಡಬೇಕು. ಎಳೆ ಸಾಮಾನ್ಯವಾಗಿ 8 ಅಡಿಯ ಕಡೆಗಿರುವುದರಿಂದ ಮೊದಲು ಉದ್ದಕ್ಕೆ ನಾಲ್ಕು ಪಟ್ಟಿ ಸೀಳಿ, ಆಮೇಲೆ ಪ್ರತಿ ಪಟ್ಟಿಯನ್ನು ಎರಡು ಮಾಡಿ. ಅಡ್ಡ ಕೊಯ್ದರೂ ಎಂಟೇ ತುಂಡು ಬರುವುದರಿಂದ ಅಂಗಡಿಯವರು ಸುಲಭದ ದಾರಿ ಹಿಡಿಯುತ್ತಾರೆ. ಹಾಗೆ ಕೊಯ್ದ ಹಲಗೆ ನಡುವೆ ಜೋಲುತ್ತದೆ.

ಅಚ್ಚಿಗೆ 18 ಮಿ.ಮೀ. ಪ್ಲೈನ ಮೂರು ಪಟ್ಟಿ ಸಾಕು. ಬಾಗು ಶುರುವಾಗುವಲ್ಲಿಂದ 7, 14, 21, 28 ಸೆಂ.ಮೀ. ದೂರದಲ್ಲಿ ಕ್ರಮವಾಗಿ 4, 15, 34, 60 ಮಿ.ಮೀ. ಎತ್ತರ ಗುರುತಿಸಿ, ತೆಳು ರೀಪು ಬಗ್ಗಿಸಿ ಗೆರೆ ಎಳೆದು, ಅದರಂತೆ ಕೊಯ್ದು ಪಟ್ಟಿಗಳನ್ನು ಅಂಚಿನ ಮೇಲೆ ನಿಲ್ಲಿಸಿ. ಅಂಟಿಸಿದ ಒಂದೇ ದಪ್ಪದ ಎರಡು ಪದರ ಅಚ್ಚಿನಿಂದ ಬಿಡುಗಡೆಯಾದಾಗ ಬಾಗಿನ ಕಾಲು ಭಾಗ ಹಿಂದಕ್ಕೆ ಬರುತ್ತದೆ, 60 ಇದ್ದದ್ದು 45ಕ್ಕೆ ಇಳಿಯುತ್ತದೆ. ನಮಗೆ ಬೇಕಾದದ್ದೂ ಅಷ್ಟೇ. ಮೂತಿ ಇದಕ್ಕಿಂತ ಚಪ್ಪಟೆಯಾದರೆ ನೀರಿಗೆ ಕುತ್ತುತ್ತದೆ, ಹೆಚ್ಚಾದರೆ ನೀರನ್ನು ತಳ್ಳುತ್ತಾ ಓಟ ಕಳೆಯುತ್ತದೆ.

ಅಚ್ಚಿನ ಮೇಲೆ ಪ್ಲಾಸ್ಟಿಕ್ ಹಾಳೆ ಹಾಸಿ. ಒಂದು ಹಲಗೆಯ ಪದರ ಅಂಟಿಸಲು 200 ಗ್ರಾಂ ಎಪಾಕ್ಸಿ ಬೇಕಾಗುತ್ತದೆ. ಅಳತೆ ಕಣ್ಣಂದಾಜಿನಲ್ಲಿ ಬೇಡ, ಡಬ್ಬದ ಮೇಲಿನ ಪ್ರಮಾಣದಂತೆ ತಕ್ಕಡಿಯಲ್ಲಿ ತೂಗಿ. ಎರಡೂ ಮುಖಕ್ಕೆ ಹಚ್ಚಿ. ಬಾಲದ, ಅಂದರೆ ಹಿಂತುದಿಯ, ಕಡೆ ಎರಡು ಸಣ್ಣ ಮೊಳೆ ಹೊಡೆದರೆ ಪದರ ಜಾರುವುದಿಲ್ಲ. ಸಮತಟ್ಟಾದ ಭಾಗಕ್ಕೆ ಮರಳುಚೀಲ ಹೇರಿ, ಆಮೇಲೆ ಅಡ್ಡಪಟ್ಟಿ ಇಟ್ಟು ಮೂತಿಯ ಕಡೆಗೆ ಒಂದೊಂದೇ ಕ್ಲಾಂಪ್ ಬಿಗಿಯುತ್ತಾ ಹೋಗಿ. ಎರಡೂ ತುದಿ ಮೊದಲೇ ಬಿಗಿದರೆ ಪದರ ಒಂದರ ಮೇಲೊಂದು ಸರಿಯಲು ಜಾಗವಿಲ್ಲದೆ ನಡುವೆ ಉಬ್ಬಿ ಟೊಳ್ಳಾಗುತ್ತದೆ. ಬೆರಳಲ್ಲಿ ತಟ್ಟಿದರೆ ಗೊತ್ತಾಗುತ್ತದೆ. ಒಂದು ಪೂರ್ತಿ ದಿನ ಮುಟ್ಟಬೇಡಿ.

ಆಕಾರ ಕೊಯ್ಯುವುದು ಅಂಟು ಗಟ್ಟಿಯಾದ ಮೇಲೆ, ಜಿಗ್‌ಸಾದಲ್ಲಿ (ಕಿರಿದಾದ ಅಲಗಿನ ವಿದ್ಯುತ್ ಗರಗಸ). ಎರಡೂ ತುದಿಯಲ್ಲಿ ಒಂದೊಂದು ಸೆಂ.ಮೀ. ತೆಗೆದು 120ಕ್ಕೆ ನಿಲ್ಲಿಸಿ, ಮೊಳೆ ಕೀಳಿ, ಮೂತಿ ಗುಂಡಗೆ ಮಾಡಿ. ಮೇಲಂಚನ್ನೆಲ್ಲ ಚೆನ್ನಾಗಿ ಉರುಟು ಮಾಡಿ. ಬಾಲದ ತುದಿ ಕಿಬ್ಬೊಟ್ಟೆಗೆ ಒತ್ತುವುದರಿಂದ ಅಲ್ಲಿ ಇನ್ನೂ ಹೆಚ್ಚು. ಹಿಂದಿನ ಮೂರನೇ ಒಂದು ಭಾಗದ ತಳದಂಚು ಮಾತ್ರ ಚೂಪಾಗಿರಲಿ, ನೀರು ಅಂಟಿಕೊಳ್ಳದೆ ಬಿಡುತ್ತದೆ.

ಹಲಗೆ ಕೆಡುವುದು ಅಂಚಿನಿಂದ. ಅಂಚಿಗೆ ಮೂರು ಸಲ, ಮುಖಕ್ಕೆ ಒಂದು ಸಲ ಎಪಾಕ್ಸಿ. 120, ಆಮೇಲೆ 220 ನಂಬರಿನ ಸ್ಯಾಂಡ್‌ಪೇಪರ್. ಕೊನೆಗೆ ಬಿಸಿಲು ತಡೆಯುವ ಮರೈನ್ ವಾರ್ನಿಷ್ ಮೂರು ಕೋಟು. ವಾರ್ನಿಷ್ ಇಲ್ಲದ ಎಪಾಕ್ಸಿ ನಮ್ಮ ಬಿಸಿಲಿಗೆ ಹಳದಿಯಾಗಿ ಬಿರುಕು ಬಿಡುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯ ತೇವದಲ್ಲಿ ಕೋಟುಗಳ ನಡುವೆ ದುಪ್ಪಟ್ಟು ಸಮಯ ಕೊಡಿ. ಆ ಕಡಲಿಗೆ ಹಲಗೆ ಒಯ್ಯುವ ಮಾತೂ ಬೇಡ.

ನೀರು ಮೊಣಕಾಲಿಗಿಂತ ಕೆಳಗಿಳಿದರೆ ಹಲಗೆಯನ್ನು ಪಕ್ಕಕ್ಕೆ ತಳ್ಳಿ ಎದ್ದುಬಿಡಿ. ಮೂತಿ ಮರಳಿಗೆ ನಾಟಿದರೆ ಬಾಲದ ಪೆಟ್ಟು ನೇರ ಹೊಟ್ಟೆಗೆ. ಮನೆಗೆ ಬಂದು ಸಿಹಿನೀರಲ್ಲಿ ತೊಳೆದು ನೆರಳಲ್ಲಿ ಒಣಗಿಸಿ. ಬಾಲದ ಮೂಲೆಯಲ್ಲಿ ಕಪ್ಪು ಕಲೆ ಕಂಡರೆ ನೀರು ಒಳಹೊಕ್ಕಿದೆ ಎಂದರ್ಥ, ಪೂರ್ತಿ ಒಣಗಿದ ಮೇಲೆ ಅಷ್ಟು ಜಾಗ ಉಜ್ಜಿ ಎಪಾಕ್ಸಿ ತುಂಬಿ.